‘ವಿಲಕ್ಷಣ’: ಹೊಗಳಿಕೆಯೋ, ತೆಗಳಿಕೆಯೋ? ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ?

ಕಡತ

ವಾಸ್ತುಶಿಲ್ಪಿ ಲಾರಿ ಬೇಕರ್ ಕುರಿತ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಮೊದಲ ಕರಡಿನಲ್ಲಿ ಹೀಗಿದೆ:

“ಲಾರಿ ಬೇಕರ್ ಒಬ್ಬ ವಿಲಕ್ಷಣ ವಾಸ್ತುಶಿಲ್ಪಿ. ಅವರು ಅಸಾಂಪ್ರದಾಯಿಕ ವಿಧಾನಗಳಿಂದ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು.”

‘ವಿಲಕ್ಷಣ’ ಅಂದರೆ ಆಡಿಕೊಂಡ ಹಾಗೆ ಕೇಳಿಸುತ್ತದೆ ಎಂದು ಒಬ್ಬರು, ಸಂಸ್ಕೃತದಲ್ಲಿ ಅದಕ್ಕೆ ಕೆಟ್ಟ ಅರ್ಥವೇ ಇಲ್ಲ ಎಂದು ಇನ್ನೊಬ್ಬರು. ‘ಅಸಾಂಪ್ರದಾಯಿಕ’ ಕೂಡ ಸರಿಯಾಗಿ ಕೂತಿಲ್ಲ. ಬದಲಿ ಪದಗಳ ಪಟ್ಟಿ ನಿಘಂಟಿನಲ್ಲೇ ಸಿಗುತ್ತದೆ. ಯಾವುದು ಎಲ್ಲಿ, ಯಾಕೆ ಎನ್ನುವುದನ್ನು ಬಲ್ಲವರು ಹೇಳಿ.

ಪಾಣಿನಿಪ್ರಿಯ

ಸಂಸ್ಕೃತದ ಮಟ್ಟಿಗೆ ಎರಡನೆಯವರ ಮಾತು ಸರಿ. ಲಕ್ಷಣ ಎಂದರೆ ಗುರುತು. ‘ವಿ’ ಸೇರಿದಾಗ ‘ಬೇರೆ ಗುರುತುಗಳುಳ್ಳದ್ದು’ ಎಂದಷ್ಟೇ ಅರ್ಥ, ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಅದರಲ್ಲಿಲ್ಲ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೊದಲ ಪಾದದಲ್ಲಿ ‘ನ ವಿಲಕ್ಷಣತ್ವಾದಸ್ಯ’ ಎಂದು ಶುರುವಾಗುವ ಸೂತ್ರವಿದೆ (2.1.4). ಜಗತ್ತು ಜಡ, ಬ್ರಹ್ಮ ಚೇತನ. ಎರಡರ ಸ್ವಭಾವವೇ ಬೇರೆ, ಹಾಗಾಗಿ ಜಗತ್ತು ಬ್ರಹ್ಮದಿಂದ ಹುಟ್ಟಿರಲಾರದು ಎಂಬುದು ಅಲ್ಲಿನ ಆಕ್ಷೇಪ. ಇಲ್ಲಿ ಜಗತ್ತು ‘ವಿಚಿತ್ರವಾಗಿದೆ’ ಎಂದು ಯಾರೂ ಹೇಳುತ್ತಿಲ್ಲ. ಅದ್ವೈತದಲ್ಲಿ ಮಿಥ್ಯೆಯನ್ನು ‘ಸದಸದ್ವಿಲಕ್ಷಣ’ ಎನ್ನುವಾಗಲೂ ಅಷ್ಟೆ: ಅದು ‘ಸತ್’ (ನಿಜವಾಗಿ ಇರುವುದು) ಎಂಬುದಕ್ಕಿಂತಲೂ ಬೇರೆ, ‘ಅಸತ್’ (ಇಲ್ಲವೇ ಇಲ್ಲದ್ದು) ಎಂಬುದಕ್ಕಿಂತಲೂ ಬೇರೆ.

ಇನ್ನೊಂದು ವಿಷಯ. ಅಲ್ಲೆಲ್ಲ ‘ಯಾವುದರಿಂದ ವಿಲಕ್ಷಣ’ ಎಂಬುದು ವಾಕ್ಯದಲ್ಲೇ ಇರುತ್ತದೆ, ಇಲ್ಲವೇ ಹಿಂದಿನ ಮಾತಿನಿಂದ ಸ್ಪಷ್ಟವಾಗಿರುತ್ತದೆ. ನಿಮ್ಮ ಕರಡಿನಲ್ಲಿ ಇಲ್ಲದಿರುವುದು ಅದೇ.

ಕರಡುತಿದ್ದು

ಮೂಲ ಅರ್ಥ ಗೊತ್ತಿರುವುದು ಒಳ್ಳೆಯದೇ. ಆದರೆ ಬೆಳಿಗ್ಗೆ ಪತ್ರಿಕೆ ತೆರೆಯುವ ಓದುಗರ ಕಿವಿಯಲ್ಲಿ ಬೇರೆಯದೇ ಅರ್ಥ ಕೂತಿದೆ. ಈಗಿನ ಕನ್ನಡದಲ್ಲಿ ‘ವಿಲಕ್ಷಣ’ದ ಜೊತೆಗೆ ಬರುವ ನಾಮಪದಗಳನ್ನು ನೋಡಿ: ವಿಲಕ್ಷಣ ಘಟನೆ, ವಿಲಕ್ಷಣ ವರ್ತನೆ, ವಿಲಕ್ಷಣ ಬೇಡಿಕೆ, ವಿಲಕ್ಷಣ ನಗು. ಎಲ್ಲದರಲ್ಲೂ ‘ಎಲ್ಲೋ ಏನೋ ಸರಿಯಿಲ್ಲ’ ಎಂಬ ಅನುಮಾನ ಇದೆ. ಇದಕ್ಕೆ ಮುಖ್ಯ ಕಾರಣ ‘ಲಕ್ಷಣ’ ಎಂಬ ಪದವೇ ಕನ್ನಡದಲ್ಲಿ ಒಳ್ಳೆಯ ಕಡೆಗೆ ವಾಲಿರುವುದು. ‘ಹುಡುಗಿ ಲಕ್ಷಣವಾಗಿದ್ದಾಳೆ’ ಎಂದರೆ ಚೆಂದ ಇದ್ದಾಳೆ ಎಂದೇ. ‘ಲಕ್ಷಣವಾಗಿ ಕೂತು ಊಟ ಮಾಡು’ ಎಂದರೆ ಕ್ರಮವಾಗಿ, ನೀಟಾಗಿ ಎಂದು. ಹೀಗಾಗಿ ಲಕ್ಷಣ ತಪ್ಪಿದ್ದು ಎಂದ ಕೂಡಲೇ ಏನೋ ಕೊರತೆ ಎಂದು ಕೇಳಿಸುತ್ತದೆ. ಪಕ್ಕದಲ್ಲೇ ‘ಅವಲಕ್ಷಣ’ ಬೇರೆ ಇದೆ, ಅದು ನೇರವಾಗಿ ಕುರೂಪವೇ. ‘ದುರ್ಲಕ್ಷಣ’ ಎಂದರೆ ಅಪಶಕುನ. ಈ ಮೂರೂ ಓದುಗರ ಮನಸ್ಸಿನಲ್ಲಿ ಒಂದೇ ಗೂಡಿನಲ್ಲಿವೆ.

ಕರಡು ನೋಡುವಾಗ ನಾನು ಬಳಸುವ ಪರೀಕ್ಷೆ ಚಿಕ್ಕದು. ‘ವಿಲಕ್ಷಣ’ ಸಿಕ್ಕಲ್ಲೆಲ್ಲ ‘ಯಾವುದಕ್ಕಿಂತ?’ ಎಂದು ಕೇಳುವುದು. ಉತ್ತರ ಅದೇ ವಾಕ್ಯದಲ್ಲೋ ಹಿಂದಿನ ವಾಕ್ಯದಲ್ಲೋ ಇದ್ದರೆ ಪದ ಉಳಿಯುತ್ತದೆ. ಇಲ್ಲದಿದ್ದರೆ ಬರೆದವರು ಬರೀ ಅಚ್ಚರಿ ತೋರಿಸುತ್ತಿದ್ದಾರೆ, ಮಾಹಿತಿ ಕೊಡುತ್ತಿಲ್ಲ ಎಂದರ್ಥ. ಆಗ ಪದ ತೆಗೆದು ಆ ವ್ಯಕ್ತಿ ಏನು ಮಾಡಿದರು ಎಂಬುದನ್ನೇ ಬರೆಸಬೇಕು. ವ್ಯಕ್ತಿಗಳ ವಿಷಯದಲ್ಲಂತೂ ಇದು ಕಡ್ಡಾಯ. ‘ವಿಲಕ್ಷಣ ವಿಧಾನ’ವನ್ನು ಓದುಗರು ಸಹಿಸುತ್ತಾರೆ, ‘ವಿಲಕ್ಷಣ ವ್ಯಕ್ತಿ’ ಬೈಗುಳದ ಹತ್ತಿರ ಹೋಗುತ್ತದೆ.

ಗಡಿನಾಡು_ಓದುಗ

ಕರಡುತಿದ್ದು ಅವರ ಮಾತಿಗೆ ಒಂದು ಸೇರಿಸತೇನ್ರಿ. ಮರಾಠಿಯೊಳಗ ‘ವಿಲಕ್ಷಣ’ ಅಂದ್ರ ಹೊಗಳಿಕೀನೂ ಆಗತದ. ‘ವಿಲಕ್ಷಣ ಸುಂದರ’ ಅಂದ್ರ ಅಗದೀ ಚಂದ ಅಂತ. ಹಿಂದಿಯೊಳಗ ‘ವಿಲಕ್ಷಣ ಪ್ರತಿಭಾ’ ಅಂದ್ರ ಅಸಾಧಾರಣ ಪ್ರತಿಭೆ. ಅಲ್ಲಿಂದ ಅನುವಾದ ಮಾಡೋರು ಪದಾನ ಹಾಂಗ ಎತ್ತಿ ಇಟ್ಟುಬಿಡತಾರ. ಲಿಪಿ ಅಷ್ಟ ಬದಲಾಗಿರತದ, ಅರ್ಥ ಹಿಂದ ಉಳಿದಿರತದ. ತೀರಿಕೊಂಡ ಗಾಯಕರೊಬ್ಬರಿಗೆ ‘ವಿಲಕ್ಷಣ ಕಂಠದ ಧಣಿ’ ಅಂತ ಶ್ರದ್ಧಾಂಜಲಿ ಬರದ್ರ ಮನಿಯವರಿಗೆ ಹೆಂಗ ಅನಸಬೇಕ್ರಿ? ಅಲ್ಲಿ ‘ಅಪ್ರತಿಮ’, ‘ಅಸಾಧಾರಣ’, ಇಲ್ಲಾ ‘ಅಪರೂಪದ’ ಅಂತ ಹಾಕಬೇಕು.

‘ವಿಪರೀತ’ದ್ದೂ ಇದ ಕತಿ. ಹಿಂದಿಯೊಳಗ ಅದು ‘ವಿರುದ್ಧ’, ಕನ್ನಡದ ಮಾತಿನ್ಯಾಗ ‘ಬಾಳ’. ‘ವಿಪರೀತ ಪರಿಣಾಮ’ ಅಂತ ಬರದ್ರ ಉಲ್ಟಾ ಪರಿಣಾಮನೋ, ಹೆಚ್ಚಿನ ಪರಿಣಾಮನೋ ಯಾರಿಗೂ ತಿಳಿಯಂಗಿಲ್ಲ. ಔಷಧದ ಚೀಟಿಯೊಳಗ ಇದು ಅಪಾಯ ಅದ. ‘ಅಡ್ಡ ಪರಿಣಾಮ’ ಇಲ್ಲಾ ‘ಪ್ರತಿಕೂಲ ಪರಿಣಾಮ’ ಅಂತ ಬಿಡಿಸಿ ಬರೀಬೇಕು.

ಪಾಣಿನಿಪ್ರಿಯ

ಒಳ್ಳೆಯ ಉದಾಹರಣೆ. ‘ಅಪರೂಪ’ ಎಂದಿರಲ್ಲ, ಅದು ಎದುರು ದಿಕ್ಕಿನಲ್ಲಿ ನಡೆದ ಪದ. ಸಂಸ್ಕೃತದಲ್ಲಿ ‘ಅಪರೂಪ’ ಎಂದರೆ ವಿಕಾರ ರೂಪದ್ದು. ಕನ್ನಡದಲ್ಲಿ ಅದು ‘ವಿರಳ’ವಾಗಿ, ಅಲ್ಲಿಂದ ‘ಅಮೂಲ್ಯ’ದ ಹತ್ತಿರಕ್ಕೆ ಬಂದಿದೆ. ‘ಅಪರೂಪದ ಅತಿಥಿ’ ಎಂದರೆ ಗೌರವ. ‘ವಿಚಿತ್ರ’ದ ಮೂಲದಲ್ಲಿಯೂ ಇರುವುದು ಬಣ್ಣ ಬಣ್ಣದ, ಬಗೆಬಗೆಯ, ಬೆರಗಿನ ಎಂಬ ಅರ್ಥವೇ. ಸಂಸ್ಕೃತದ ಕಾವ್ಯಮೀಮಾಂಸಕ ಕುಂತಕ ಕಾವ್ಯದ ಮೂರು ಮಾರ್ಗಗಳನ್ನು ಹೇಳುವಾಗ ಸುಕುಮಾರ, ವಿಚಿತ್ರ, ಮಧ್ಯಮ ಎನ್ನುತ್ತಾನೆ. ಅಲ್ಲಿ ‘ವಿಚಿತ್ರ’ ಎಂದರೆ ಅಲಂಕಾರದ ಬೆಡಗು ತುಂಬಿದ, ನುರಿತ ಕವಿಗಳಿಗೇ ಒಗ್ಗುವ ಮಾರ್ಗ. ಕಾವ್ಯದ ಜೀವವೇ ವಕ್ರೋಕ್ತಿ, ಅಂದರೆ ಎಲ್ಲರೂ ಆಡುವ ಹಾಗೆ ಆಡದಿರುವುದು, ಎಂಬುದು ಅವನ ಸಿದ್ಧಾಂತ. ಅಕ್ಷರಗಳ ಜೋಡಣೆಯಿಂದ ಹಿಡಿದು ಇಡೀ ಕೃತಿಯ ಕಟ್ಟಡದವರೆಗೆ ಆರು ಹಂತಗಳಲ್ಲಿ ಆ ವಕ್ರತೆಯನ್ನು ಗುರುತಿಸಿದ. ಇಂದು ‘ವಕ್ರ ಬುದ್ಧಿ’ ಎಂದರೆ ಬೈಗುಳ. ಆದ್ದರಿಂದ ‘ಮೂಲದಲ್ಲಿ ಒಳ್ಳೆಯ ಅರ್ಥ ಇತ್ತು’ ಎಂಬುದನ್ನು ಇವತ್ತಿನ ಬಳಕೆಗೆ ರಕ್ಷಣೆಯಾಗಿ ತರಬಾರದು. ಸಂಸ್ಕೃತ ಓದಿದವನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಬಿಸಿಲುಗಾಳಿ

‘ಅಸಾಂಪ್ರದಾಯಿಕ’ದ ಬಗ್ಗೆ ಯಾರೂ ಮಾತಾಡಿಲ್ಲ. ಅದು ಹೆಚ್ಚು ತೊಂದರೆ ಕೊಡುವ ಪದ, ಯಾಕೆಂದರೆ ಸರ್ಕಾರಿ ಕಾಗದಗಳಲ್ಲಿ ಪಾರಿಭಾಷಿಕವಾಗಿ ಕೂತುಬಿಟ್ಟಿದೆ.

ಕೇಂದ್ರದಲ್ಲಿ 1982ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳಿಗೆಂದೇ ಒಂದು ಇಲಾಖೆ ಹುಟ್ಟಿತು. 1992ರಲ್ಲಿ ಅದು ಸಚಿವಾಲಯವಾಯಿತು. 2006ರಲ್ಲಿ ಹೆಸರು ಬದಲಾಗಿ ‘ನೂತನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯ’ವಾಯಿತು. ಹೆಸರಿನಿಂದ ಆ ಪದ ಹೋಗಿ ಇಷ್ಟು ವರ್ಷವಾದರೂ ಕನ್ನಡ ಬರಹಗಳಲ್ಲಿ ಸೌರಶಕ್ತಿಯನ್ನು ಇನ್ನೂ ‘ಅಸಾಂಪ್ರದಾಯಿಕ’ ಎನ್ನುತ್ತಲೇ ಇದ್ದಾರೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಿರುವಾಗ ಆ ಮಾತಿಗೆ ಅರ್ಥವಿಲ್ಲ.

ಸಮಸ್ಯೆಯ ಬೇರು ಏನೆಂದರೆ, ಕನ್ನಡದ ‘ಸಾಂಪ್ರದಾಯಿಕ’ ಎರಡು ಕೆಲಸ ಮಾಡುತ್ತಿದೆ. ಒಂದು, ತಲೆತಲಾಂತರದಿಂದ ಬಂದದ್ದು. ಇನ್ನೊಂದು, ಸದ್ಯಕ್ಕೆ ಎಲ್ಲರೂ ಬಳಸುತ್ತಿರುವುದು. ಶಾಲೆಯ ಭೂಗೋಳದ ವಿಂಗಡಣೆಯಲ್ಲಿ ಸೌದೆ, ಬೆರಣಿ, ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ, ವಿದ್ಯುತ್ತು ಒಂದು ಕಡೆ. ಬಿಸಿಲು, ಗಾಳಿ, ಅಲೆಯ ಉಬ್ಬರ, ಭೂಶಾಖ, ಜೈವಿಕ ಅನಿಲ, ಅಣುಶಕ್ತಿ ಇನ್ನೊಂದು ಕಡೆ. ಅಂದರೆ ಅದೇ ಸಗಣಿಯನ್ನು ತಟ್ಟಿ ಒಣಗಿಸಿದರೆ ಸಾಂಪ್ರದಾಯಿಕ, ಗೋಬರ್ ಗ್ಯಾಸ್ ಗುಂಡಿಗೆ ಸುರಿದರೆ ಅಸಾಂಪ್ರದಾಯಿಕ. ಮಕ್ಕಳಿಗೆ ಇದು ತಲೆಗೆ ಹತ್ತದಿದ್ದರೆ ತಪ್ಪು ಮಕ್ಕಳದ್ದಲ್ಲ.

ತೈಲೋದ್ಯಮದ ಲೇಖನಗಳಲ್ಲಿ ಮತ್ತೊಂದು ಗೋಜಲು. ಶೇಲ್ ಬಂಡೆಯ ಪದರಗಳನ್ನು ನೀರಿನ ಒತ್ತಡದಿಂದ ಸೀಳಿ ತೆಗೆಯುವ ಅನಿಲವನ್ನೂ ‘ಅಸಾಂಪ್ರದಾಯಿಕ ಅನಿಲ’ ಎಂದೇ ಬರೆಯುತ್ತಾರೆ. ಓದುಗರು ಅದನ್ನು ಗಾಳಿ–ಬಿಸಿಲಿನ ಸಾಲಿಗೆ ಸೇರಿಸಿ ಪರಿಸರಸ್ನೇಹಿ ಎಂದುಕೊಳ್ಳುತ್ತಾರೆ. ಅದು ಪಕ್ಕಾ ಪಳೆಯುಳಿಕೆ ಇಂಧನ. ಇಲ್ಲಿ ‘ಶೇಲ್ ಅನಿಲ’ ಎಂದು ಹೆಸರು ಹಿಡಿದು ಬರೆದರೆ ಮುಗಿಯಿತು. ಹಾಗೆಯೇ ಸೌರಶಕ್ತಿಗೆ ‘ನವೀಕರಿಸಬಹುದಾದ ಇಂಧನ’. 2006ಕ್ಕಿಂತ ಹಿಂದಿನ ದಾಖಲೆಗಳನ್ನು ಉಲ್ಲೇಖಿಸುವಾಗ ಮಾತ್ರ ಹಳೆಯ ಹೆಸರು ಉಳಿಯಲಿ.

ಕರಡುತಿದ್ದು

ರಕ್ಷಣಾ ಸುದ್ದಿಯಲ್ಲೂ ಇದೇ. ‘ಸಾಂಪ್ರದಾಯಿಕ ಶಸ್ತ್ರಾಸ್ತ್ರ’ ಎಂದ ಕೂಡಲೇ ಕತ್ತಿ, ಭರ್ಜಿ ಕಣ್ಣ ಮುಂದೆ ಬರುತ್ತವೆ. ಅಲ್ಲಿ ಹೇಳಬೇಕಿರುವುದು ಬಂದೂಕು, ಟ್ಯಾಂಕ್, ಯುದ್ಧವಿಮಾನಗಳ ಬಗ್ಗೆ. ‘ಅಣ್ವಸ್ತ್ರೇತರ’ ಎಂದರೆ ಒಂದೇ ಏಟಿಗೆ ಸ್ಪಷ್ಟ.

ಕಾಗುಣಿತವನ್ನೂ ಹೇಳಿಬಿಡುತ್ತೇನೆ. ‘ಇಕ’ ಪ್ರತ್ಯಯ ಬಂದಾಗ ಮೊದಲ ಸ್ವರಕ್ಕೆ ವೃದ್ಧಿ, ಇಲ್ಲಿ ‘ಅ’ ಇದ್ದದ್ದು ‘ಆ’ ಆಗುತ್ತದೆ: ಸಂಪ್ರದಾಯ – ಸಾಂಪ್ರದಾಯಿಕ. ‘ಸಂಪ್ರದಾಯಿಕ’ ತಪ್ಪು. ‘ವಿಲಕ್ಷಣ’ದ ಭಾವನಾಮ ಬೇಕಿದ್ದರೆ ‘ವಿಲಕ್ಷಣತೆ’ ಅಥವಾ ‘ವೈಲಕ್ಷಣ್ಯ’. ‘ವೈಲಕ್ಷಣ್ಯತೆ’ ಎಂದು ಎರಡೆರಡು ಪ್ರತ್ಯಯ ಬೇಡ. ದಿನವೂ ಕಾಣುವ ‘ವೈವಿಧ್ಯತೆ’, ‘ವೈಶಿಷ್ಟ್ಯತೆ’ಗಳಲ್ಲಿ ಇರುವುದೂ ಇದೇ ದೋಷ, ‘ವೈವಿಧ್ಯ’, ‘ವೈಶಿಷ್ಟ್ಯ’ ಸಾಕು. ‘ದುರ್ಲಕ್ಷಣ’ ಮತ್ತು ‘ದುರ್ಲಕ್ಷ್ಯ’ವನ್ನು ಅದಲು ಬದಲು ಮಾಡಬೇಡಿ, ಎರಡನೆಯದು ಗಮನ ಕೊಡದಿರುವುದು.

ಕಕ್ಷೆ

ವಿಜ್ಞಾನ ಬರಹದಲ್ಲಿ ಯಂತ್ರಾನುವಾದದ ಕರಡು ಹಿಡಿದು ಕೂತವರಿಗೆ ಒಂದು ಎಚ್ಚರಿಕೆ. ಗ್ರಹವೊಂದರ ‘ವಿಲಕ್ಷಣ ಕಕ್ಷೆ’ ಎಂದು ಕಂಡರೆ ಅಲ್ಲಿ ಇರಬೇಕಾದದ್ದು ‘ಉತ್ಕೇಂದ್ರ ಕಕ್ಷೆ’. ಇಂಗ್ಲಿಷಿನ ‘ಎಕ್ಸೆಂಟ್ರಿಕ್’ಗೆ ಎರಡೂ ಅರ್ಥ ಇವೆ. ಉತ್ಕೇಂದ್ರತೆ ಅಳೆಯಬಹುದಾದ ಸಂಖ್ಯೆ, ಕಕ್ಷೆ ವೃತ್ತದ ಆಕಾರದಿಂದ ಎಷ್ಟು ದೂರ ಸರಿದಿದೆ ಎಂಬುದರ ಅಳತೆ. ವೃತ್ತಕ್ಕೆ 0, ದೀರ್ಘವೃತ್ತಕ್ಕೆ 0 ಮತ್ತು 1ರ ನಡುವೆ. ಭೂಮಿಯ ಕಕ್ಷೆಗೆ ಸುಮಾರು 0.0167, ಬುಧನದಕ್ಕೆ 0.206, ಹ್ಯಾಲಿ ಧೂಮಕೇತುವಿನದಕ್ಕೆ ಸುಮಾರು 0.967. ಹ್ಯಾಲಿಯ ಕಕ್ಷೆ ತುಂಬ ಉದ್ದುದ್ದ ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ‘ವಿಲಕ್ಷಣ’ ಎಂದಾಗ ಅಂಕಿ ಕಳೆದುಹೋಗಿ ಬರೀ ಉದ್ಗಾರ ಉಳಿಯುತ್ತದೆ.

ಗಣಿತದಲ್ಲಿ ‘ವಿಚಿತ್ರ ಸಂಖ್ಯೆ’ ಕಂಡರೆ ಅದು ಬೆಸ ಸಂಖ್ಯೆ, ಇಂಗ್ಲಿಷಿನ ‘ಆಡ್’ಗೆ ಎರಡೂ ಅರ್ಥ. ಸರಿ–ಬೆಸ ಎಂಬ ಜೋಡಿ ನಮ್ಮ ಮಕ್ಕಳ ಆಟದಲ್ಲೇ ಇದೆ, ಯಂತ್ರಕ್ಕೆ ಮಾತ್ರ ಅದು ಗೊತ್ತಾಗುವುದಿಲ್ಲ.

ತಂತ್ರಾಂಶಕನ್ನಡ

ಆ್ಯಪ್‌ಗಳ ಕನ್ನಡೀಕರಣದಲ್ಲಿ ಮತ್ತೆ ಮತ್ತೆ ಎದುರಾಗುವವು:

ಬ್ಯಾಂಕ್, ಇಮೇಲ್ ಎಚ್ಚರಿಕೆಗಳಲ್ಲಿ ‘ನಿಮ್ಮ ಖಾತೆಯಲ್ಲಿ ಅಸಾಮಾನ್ಯ ಚಟುವಟಿಕೆ’. ಕನ್ನಡದಲ್ಲಿ ‘ಅಸಾಮಾನ್ಯ’ ಬಹುಪಾಲು ಮೆಚ್ಚುಗೆ: ಅಸಾಮಾನ್ಯ ಧೈರ್ಯ, ಅಸಾಮಾನ್ಯ ಸಾಧನೆ. ಎಚ್ಚರಿಕೆಯ ದನಿ ಅದರಲ್ಲಿ ಬರುವುದಿಲ್ಲ. ‘ನಿಮ್ಮ ಖಾತೆ ಎಂದಿನಂತೆ ಬಳಕೆಯಾಗಿಲ್ಲ. ಇದು ನೀವೇನಾ?’ ಎಂದರೆ ಬಳಕೆದಾರರು ನಿಂತು ಓದುತ್ತಾರೆ. ಗುಂಡಿಯ ಮೇಲೆ ಜಾಗ ಇಲ್ಲದಿದ್ದರೆ ‘ಅನುಮಾನಾಸ್ಪದ ಲಾಗಿನ್’.

ದಿನಸಿ ಆ್ಯಪ್‌ಗಳಲ್ಲಿ ಬ್ರೊಕೊಲಿ, ಝುಕಿನಿ, ಡ್ರ್ಯಾಗನ್ ಹಣ್ಣಿನ ‘ಎಕ್ಸಾಟಿಕ್’ ವಿಭಾಗಕ್ಕೆ ‘ವಿಲಕ್ಷಣ ತರಕಾರಿ’, ‘ವಿಲಕ್ಷಣ ಹಣ್ಣು’ ಎಂದು ಬೀಳುತ್ತದೆ. ಕೊಳ್ಳಬೇಕೆಂದು ಬಂದವರೂ ಹಿಂದೆ ಸರಿಯುವಂಥ ಹೆಸರು. ‘ವಿದೇಶಿ ತರಕಾರಿ’ ಸಾಕು. ಪಶುಸಂಗೋಪನೆಯವರು ಇದನ್ನು ಎಂದೋ ಸರಿಯಾಗಿ ಬಗೆಹರಿಸಿಕೊಂಡಿದ್ದಾರೆ: ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್), ಜರ್ಸಿ ಹಸುಗಳು ‘ವಿದೇಶಿ ತಳಿ’. ಲಂಟಾನ, ಪಾರ್ಥೇನಿಯಂ ಕಳೆಗಳ ಕುರಿತು ಬರೆಯುವಾಗಲೂ ‘ಹೊರಗಿನಿಂದ ಬಂದ ಪ್ರಭೇದ’ ಎನ್ನಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಲೈಂಗಿಕತೆ, ಲಿಂಗತ್ವಗಳಲ್ಲಿ ಬಹುಸಂಖ್ಯಾತರಿಗಿಂತ ಭಿನ್ನರಾದವರು ತಮ್ಮನ್ನು ಕರೆದುಕೊಳ್ಳುವ ‘ಕ್ವಿಯರ್’ ಎಂಬುದಕ್ಕೆ ಯಂತ್ರಾನುವಾದ ‘ವಿಲಕ್ಷಣ’, ‘ವಿಚಿತ್ರ’ ಎಂದು ಕೊಟ್ಟದ್ದು ಹಾಗೇ ಅಚ್ಚಾಗುವುದುಂಟು. ಇದು ಜನರಿಗೆ ನೇರವಾಗಿ ನೋವು ಕೊಡುವ ತಪ್ಪು. ಸಮುದಾಯದವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರನ್ನೇ ಬಳಸಬೇಕು. ‘ಕ್ವಿಯರ್’ ಎಂದೇ ಕನ್ನಡ ಲಿಪಿಯಲ್ಲಿ, ಅಥವಾ ಸಂದರ್ಭ ನೋಡಿ ‘ಲೈಂಗಿಕ ಅಲ್ಪಸಂಖ್ಯಾತರು’, ‘ಲಿಂಗತ್ವ ಅಲ್ಪಸಂಖ್ಯಾತರು’. ಕೊನೆಯ ಎರಡು ಒಂದೇ ಅಲ್ಲ (ಲೈಂಗಿಕತೆ ಯಾರತ್ತ ಆಕರ್ಷಣೆ ಎಂಬುದು, ಲಿಂಗತ್ವ ತಮ್ಮನ್ನು ಗಂಡು, ಹೆಣ್ಣು ಅಥವಾ ಬೇರೆ ಎಂದು ಗುರುತಿಸಿಕೊಳ್ಳುವುದು), ಅದಲು ಬದಲು ಮಾಡಬಾರದು.

ಕಡಲತಡಿ

ಆಡುಮಾತನ್ನು ಮರೆತಿದ್ದೀರಿ. ಬೆಂಗಳೂರು–ಮೈಸೂರು ಕಡೆ ‘ಒಂಥರಾ’, ಉತ್ತರದಲ್ಲಿ ‘ಒಂದ ನಮೂನಿ’, ನಮ್ಮ ದಕ್ಷಿಣ ಕನ್ನಡದಲ್ಲಿ ‘ಒಂದು ನಮೂನೆ’. ರೂಢಿಗೆ ಸರಿಹೊಂದದ ಎಲ್ಲದಕ್ಕೂ ಜನ ನಿತ್ಯ ಬಳಸುವ ಮಾತು ಇದು. ‘ಆ ಮನುಷ್ಯ ಒಂದು ನಮೂನೆ ಮಾರಾಯ್ರೆ’ ಎಂದರೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು. ಇದರ ಗುಣ ಏನೆಂದರೆ ಹೊಗಳಿಕೆಯೋ ತೆಗಳಿಕೆಯೋ ಎಂಬುದು ಮುಂದಿನ ಪದದಿಂದ ತೀರ್ಮಾನವಾಗುತ್ತದೆ: ‘ಒಂಥರಾ ಚೆನ್ನಾಗಿದೆ’, ‘ಒಂಥರಾ ವಾಸನೆ’. ಮುಂದೆ ಏನೂ ಇಲ್ಲದೆ ನಿಂತರೆ ತೆಗಳಿಕೆಗೇ ಹತ್ತಿರ. ಸಂಭಾಷಣೆ ಬರೆಯುವವರು ‘ವಿಲಕ್ಷಣ’ವನ್ನು ಪಾತ್ರಗಳ ಬಾಯಿಗೆ ತುರುಕುವ ಬದಲು ಇದನ್ನು ಹಾಕಿದರೆ ಮಾತು ಜೀವಂತವಾಗಿರುತ್ತದೆ.

ರಂಗಪರದೆ

ಇನ್ನೊಂದು ಪದ ಕೈಬಿಟ್ಟಿದೆ: ‘ಅಸಂಗತ’. ನಾಟಕದವರಿಗೆ ಇದು ಒಂದು ಪ್ರಕಾರದ ಹೆಸರು. ಘಟನೆಗೆ ಘಟನೆ, ಮಾತಿಗೆ ಮಾತು ಕೂಡಿಕೊಳ್ಳದಂತೆ ಬೇಕೆಂದೇ ಬರೆದದ್ದು ಅಸಂಗತ ನಾಟಕ. ಕನ್ನಡದಲ್ಲಿ ಚಂದ್ರಕಾಂತ ಕುಸನೂರರ ಹೆಸರು ಈ ಪ್ರಕಾರದ ಜೊತೆ ಸೇರಿಕೊಂಡಿದೆ. ಅಲಂಕಾರಶಾಸ್ತ್ರದಲ್ಲಿ ‘ಅಸಂಗತಿ’ ಎಂದರೆ ಕಾರಣ ಒಂದು ಕಡೆ, ಕಾರ್ಯ ಇನ್ನೊಂದು ಕಡೆ ಇರುವುದು. ಎರಡರಲ್ಲೂ ತಪ್ಪಿರುವುದು ಹೊಂದಾಣಿಕೆ. ಹಾಗಾಗಿ ವೇಷಭೂಷಣ ಹೊಸ ಬಗೆಯದಾಗಿದ್ದ ಮಾತ್ರಕ್ಕೆ ನಾಟಕವನ್ನು ಅಸಂಗತ ಎನ್ನಲಾಗದು. ವಿಮರ್ಶೆಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ.

ಈ ಚರ್ಚೆಯಲ್ಲಿ ಬಂದ ಪದಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ. ಬಿಟ್ಟದ್ದು ಏನು ಎಂಬುದು ಪದದ ಒಳಗೇ ಇದೆ. ಲಕ್ಷಣ ಬಿಟ್ಟದ್ದು ವಿಲಕ್ಷಣ, ಕೇಂದ್ರ ಬಿಟ್ಟದ್ದು ಉತ್ಕೇಂದ್ರ, ಸಂಗತಿ (ಹೊಂದಾಣಿಕೆ) ಬಿಟ್ಟದ್ದು ಅಸಂಗತ, ಸಂಪ್ರದಾಯ ಬಿಟ್ಟದ್ದು ಅಸಾಂಪ್ರದಾಯಿಕ. ಬೇಕರ್ ಬಿಟ್ಟದ್ದು ಯಾವುದನ್ನು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ, ಪದ ತಾನಾಗಿ ಬರುತ್ತದೆ.

ಕಡತ

ಎಲ್ಲರಿಗೂ ಧನ್ಯವಾದ. ರಂಗಪರದೆ ಅವರ ಮಾತಿನಂತೆ ತಿದ್ದಿದ್ದೇನೆ:

“ಲಾರಿ ಬೇಕರ್ ಸಿಮೆಂಟು, ಕಬ್ಬಿಣದ ರೂಢಿಯನ್ನು ತೊರೆದು, ಕೇರಳದ ಹಳೆಯ ಸಂಪ್ರದಾಯಕ್ಕೆ ಮರಳಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು.”

ಇದು ಆದೀತೇ?

ಗಾರೆಕೆಲಸ

ಭಾಷೆ ಚೆನ್ನಾಗಿದೆ, ವಿಷಯ ತಪ್ಪಾಯಿತು ಸರ್. ಎರಡು ಕಡೆ.

ಒಂದು, ಬೇಕರ್ ಸಿಮೆಂಟನ್ನೂ ಕಬ್ಬಿಣವನ್ನೂ ತೊರೆದವರಲ್ಲ, ಎಲ್ಲಿ ಬೇಡವೋ ಅಲ್ಲಿ ಕಡಿಮೆ ಮಾಡಿದವರು. ಅವರು ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ಆರ್‌ಸಿಸಿಯೇ, ಅಂದರೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್. ಸ್ಲ್ಯಾಬಿಗೆ ಭಾರ ಬಿದ್ದಾಗ ಮೇಲ್ಭಾಗ ಅದುಮಿಕೊಳ್ಳುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಅದುಮುವ ಬಲಕ್ಕೆ ಕಾಂಕ್ರೀಟ್ ಗಟ್ಟಿ, ಎಳೆತಕ್ಕೆ ಅಲ್ಲ. ಎಳೆತವನ್ನು ತಾಳುವುದು ಕಂಬಿ. ಅಂದಮೇಲೆ ಕೆಳಭಾಗದಲ್ಲಿ ಕಂಬಿಗಳ ನಡುವಿನ ಕಾಂಕ್ರೀಟ್ ಬರೀ ತೂಕ. ಅಲ್ಲಿ ಮಂಗಳೂರು ಹಂಚು ಇಡುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಶುರು ಮಾಡಿದ ಆ ಹಂಚಿನ ಜಾತಿಯದ್ದೇ. ಹಳೆಯದು, ತುಸು ಮುಕ್ಕಾದದ್ದು ಆದರೂ ನಡೆಯುತ್ತದೆ. ಹಂಚನ್ನು ಮೊದಲೇ ನೀರಲ್ಲಿ ನೆನೆಸಬೇಕು, ಇಲ್ಲವಾದರೆ ಅದು ಕಾಂಕ್ರೀಟಿನ ನೀರು ಹೀರಿ ಸುತ್ತಲಿನ ಕಾಂಕ್ರೀಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಂಚುಗಳ ನಡುವೆ ಕಂಬಿ ಹಾಯುವಷ್ಟು, ಕಂಬಿಯ ಸುತ್ತ ಕಾಂಕ್ರೀಟ್ ತುಂಬುವಷ್ಟು ಜಾಗ ಬಿಡಬೇಕು. ಹಂಚು ಕಂಬಿಗೆ ತಾಗಿ ಕೂತರೆ ಅಲ್ಲಿ ಹಿಡಿತ ಇರುವುದಿಲ್ಲ, ಮುಂದೆ ತುಕ್ಕಿಗೆ ದಾರಿ.

ಎರಡು, ಅವರ ಹೆಸರಿನ ಜೊತೆ ಎಲ್ಲರೂ ಹೇಳುವ ರ‍್ಯಾಟ್‌ಟ್ರ್ಯಾಪ್ ಬಾಂಡ್ ಕೇರಳದ ಸಂಪ್ರದಾಯವಲ್ಲ. ಅದು ಇಂಗ್ಲೆಂಡಿನ ಹಳೆಯ ಕಟ್ಟುವಿಕೆ, ಬೇಕರ್ ಅಲ್ಲಿಂದ ತಂದದ್ದು. ಇಟ್ಟಿಗೆಯನ್ನು ಮಲಗಿಸದೆ ಪಕ್ಕೆಯ ಮೇಲೆ ನಿಲ್ಲಿಸುತ್ತಾರೆ. ಹೊರಗೆ ಮೂರು ಇಂಚು, ಒಳಗೆ ಮೂರು ಇಂಚು, ನಡುವೆ ಮೂರು ಇಂಚು ಪೊಳ್ಳು. ಗೋಡೆಯ ದಪ್ಪ ಒಂಬತ್ತು ಇಂಚೇ, ಆದರೆ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ. ಒಳಗಿನ ಗಾಳಿಯಿಂದ ಕೋಣೆಗೆ ಸೆಕೆ ಕಡಿಮೆ. ಕೆಡುವುದು ಎಲ್ಲಿ ಅಂದರೆ, ಗಾರೆ ಪೊಳ್ಳಿಗೆ ಉದುರಿ ತುಂಬಿಕೊಂಡಾಗ. ಆಗ ಉಳಿತಾಯವೂ ಇಲ್ಲ, ತಂಪೂ ಇಲ್ಲ. ಪ್ರತಿ ಸಾಲಿಗೂ ಗಾರೆ ಹಾಕುವಾಗ ಪೊಳ್ಳಿನ ಮೇಲೆ ಪಟ್ಟಿ ಇಟ್ಟುಕೊಳ್ಳಬೇಕು. ವೈರಿಂಗ್ ಪೈಪ್ ಎಲ್ಲಿ ಬರುತ್ತದೆ ಎಂದು ಮೊದಲೇ ಗುರುತು ಮಾಡಿ ಕಟ್ಟುತ್ತಲೇ ಕೂರಿಸಬೇಕು. ಆಮೇಲೆ ಗೋಡೆ ಕೊರೆದರೆ ನಿಲ್ಲಿಸಿದ ಇಟ್ಟಿಗೆ ಒಡೆಯುತ್ತದೆ.

ಜಾಲಿ ಗೋಡೆ (ಗಾಳಿ, ಬೆಳಕಿಗೆ ಕಿಂಡಿ ಬಿಟ್ಟು ಕಟ್ಟಿದ್ದು), ಇಳಿಜಾರು ಮಾಡು, ಮಣ್ಣು, ಸುಣ್ಣ, ಇವು ನಮ್ಮ ಕಡೆಯ ಹಳೆಯ ಪದ್ಧತಿಗಳು ನಿಜ. ಅಂದರೆ ಅವರ ಕೆಲಸದಲ್ಲಿ ಕೆಲವು ಇಲ್ಲಿಯ ಹಳತು, ಕೆಲವು ಇಂಗ್ಲೆಂಡಿನ ಹಳತು, ಸ್ಲ್ಯಾಬ್ ಹೊಸತು. ‘ಸಂಪ್ರದಾಯಕ್ಕೆ ಮರಳಿದರು’ ಎಂದರೂ ಪೂರ್ತಿ ಸರಿಯಲ್ಲ, ‘ಅಸಾಂಪ್ರದಾಯಿಕ’ ಎಂದರೂ ಸರಿಯಲ್ಲ.

ಕರಡುತಿದ್ದು

ಗಾರೆಕೆಲಸ ಅವರು ಹೇಳಿದ ಮೇಲೆ ಉಳಿಯುವ ಪದ ‘ರೂಢಿ’ ಒಂದೇ. ಸಂಪ್ರದಾಯಕ್ಕೆ ತಲೆಮಾರುಗಳು ಬೇಕು, ರೂಢಿಗೆ ಹತ್ತಿಪ್ಪತ್ತು ವರ್ಷ ಸಾಕು. ಒಂಬತ್ತಿಂಚಿನ ಗಟ್ಟಿ ಗೋಡೆ, ಎರಡೂ ಕಡೆ ಪ್ಲಾಸ್ಟರ್, ಪೂರ್ತಿ ಕಾಂಕ್ರೀಟ್ ತಾರಸಿ: ಬೇಕರ್ ಪ್ರಶ್ನಿಸಿದ್ದು ಈ ರೂಢಿಯನ್ನು. ‘ರೂಢಿ ಮುರಿದ’ ಎಂಬುದು ಸ್ವಲ್ಪ ಅಬ್ಬರ. ‘ರೂಢಿ ಬಿಟ್ಟ’, ‘ರೂಢಿಗೆ ಹೊರತಾದ’, ‘ವಾಡಿಕೆಯ ದಾರಿ ಹಿಡಿಯದ’, ಇವು ಹದವಾಗಿವೆ.

ಕಡತ

ಈಗ ಹೀಗೆ:

“ಕಟ್ಟಡ ಕಟ್ಟುವವರೆಲ್ಲ ರೂಢಿಯಿಂದ ಮಾಡುತ್ತಿದ್ದ ಖರ್ಚನ್ನು ಲಾರಿ ಬೇಕರ್ ಒಂದೊಂದಾಗಿ ಪ್ರಶ್ನಿಸಿದರು. ಇಟ್ಟಿಗೆಯನ್ನು ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿದರು. ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಕೆಲಸ ಮಾಡದ ಕಡೆ ಹಂಚು ಇಟ್ಟರು.”

ವಿಶೇಷಣ ಒಂದೂ ಉಳಿದಿಲ್ಲ. ಶೀರ್ಷಿಕೆಗೆ ಮಾತ್ರ ಒಂದು ಪದ ಬೇಕಿದೆ.

ಗಡಿನಾಡು_ಓದುಗ

‘ರೂಢಿ ಬಿಟ್ಟ ಬೇಕರ್’ ಅಂತ ಹಾಕ್ರಿ. ಮೂರ ಶಬ್ದ, ಒಂದ ಸಾಲಿನ್ಯಾಗ ಕೂಡತಾವ.

ಕರಡುತಿದ್ದು

ಒಪ್ಪಿಗೆ. ಮೊದಲ ಬಾರಿಗೆ ಓದುವವರಿಗೆ ಬೇಕರ್ ಯಾರೆಂದು ತಿಳಿಯಲು ಉಪಶೀರ್ಷಿಕೆಯಲ್ಲಿ ‘ವಾಸ್ತುಶಿಲ್ಪಿ’ ಮತ್ತು ‘ತಿರುವನಂತಪುರ’ ಎರಡೂ ಬರಲಿ. ಪೊಳ್ಳು ಗೋಡೆಯ ಅಡ್ಡಸೀಳು ಚಿತ್ರವನ್ನು ಎರಡನೇ ವಾಕ್ಯದ ಪಕ್ಕದಲ್ಲೇ ಹಾಕಿಸಿ. ಮೂರು–ಮೂರು–ಮೂರು ಇಂಚಿನ ಲೆಕ್ಕ ಚಿತ್ರವಿಲ್ಲದೆ ಓದುಗರಿಗೆ ಕಷ್ಟ.